ಕೊಡೆಯಪ್ಪನವರು ಆಕ್ಚುರಿ ಓದಿದ್ದು

ಬಸ್ ಡಿಪೋದ ಹಿಂಬದಿಯಲ್ಲಿ, ಟೈರು ಗೋದಾಮಿಗೂ ನೀರಿನ ಟ್ಯಾಂಕಿಗೂ ನಡುವೆ, ಕಳೆದುಹೋದ ಸಾಮಾನುಗಳ ಕೌಂಟರ್ ಎಂಬ ಒಂದು ಕಿಟಕಿ ಇತ್ತು. ಆ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷಗಳಿಂದ ಒಬ್ಬರೇ ಗುಮಾಸ್ತರು ಕೂತಿದ್ದರು. ಜನ ಬಸ್ಸಿನಲ್ಲಿ ಮರೆತು ಹೋಗುವುದರಲ್ಲಿ ಮುಕ್ಕಾಲು ಪಾಲು ಕೊಡೆಗಳೇ ಆದ್ದರಿಂದ ಡಿಪೋದವರು ಅವರಿಗೆ ಕೊಡೆಯಪ್ಪ ಎಂದು ಹೆಸರಿಟ್ಟಿದ್ದರು. ಛತ್ರಿ ಎಂದೂ ಕರೆಯಬಹುದಿತ್ತು. ಆದರೆ ಅಷ್ಟು ಚಾಲಾಕಿತನ ಅವರಲ್ಲಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ಡಿಪೋದ ಆಸ್ಥಾನಕವಿಯೂ ಆಗಿದ್ದ ಹಿರಿಯ ಕಂಡಕ್ಟರೊಬ್ಬರು, ಹಳಗನ್ನಡದಲ್ಲಿ ‘ಕೊಡೆ’ ಎಂದರೆ ‘ಕೊಡುವುದಿಲ್ಲ’ ಎಂದೂ ಅರ್ಥವಾಗುತ್ತದೆ ಎಂದು ವಿವರಿಸುತ್ತಿದ್ದರು. ಒಂದು ಟಿಫಿನ್ ಡಬ್ಬಿ ಬಿಡಿಸಿಕೊಳ್ಳಲು ಆ ಕಿಟಕಿಯ ಮುಂದೆ ಮೂರು ಫಾರಂ ತುಂಬಿದವರೆಲ್ಲ ಈ ಅರ್ಥವೇ ಸರಿ ಎಂದು ಒಪ್ಪಿದ್ದರು.

ಇಂಥ ಕೊಡೆಯಪ್ಪನವರಿಗೆ ನಲವತ್ತೆಂಟನೆಯ ವಯಸ್ಸಿನಲ್ಲಿ ವಿದ್ಯೆಯ ಗಾಳಿ ಸೋಕಿದ್ದು ಒಂದು ಸೋಫಾದಿಂದ.

ಸೋಫಾ ಅವರ ಷಡ್ಡಕನದು. ಹೆಂಡತಿಯ ತಂಗಿಯ ಗಂಡನಾದ ಈತನಿಗೆ ಪೀಠೋಪಕರಣದ ಅಂಗಡಿ. ಹೊಸ ಸೋಫಾ ಬಂದಿದೆ, ನೋಡಲು ಬನ್ನಿ ಎಂದು ಕರೆದಿದ್ದ. ಕೊಡೆಯಪ್ಪನವರು ಕೂತರು, ಕೂತವರು ಇಳಿಯುತ್ತಲೇ ಹೋದರು. ಮಂಡಿ ಗದ್ದಕ್ಕೆ ತಾಗಿದ ಮೇಲೆ ಇಳಿಯುವುದು ನಿಂತಿತು. ಆ ಭಂಗಿಯಲ್ಲಿದ್ದವರನ್ನು ಮೇಲಿನಿಂದ ನೋಡುತ್ತ ಷಡ್ಡಕ ಕೇಳಿದ:

“ಏನಣ್ಣಾ, ಇನ್ನೂ ಕೊಡೆ ಎಣಿಸ್ತಾನೇ ಇದೀರಾ? ಮುಂದಕ್ಕೆ ಏನೂ ಯೋಚನೆ ಇಲ್ವಾ?”

“ಓದ್ತಾ ಇದೀನಿ,” ಎಂದುಬಿಟ್ಟರು ಕೊಡೆಯಪ್ಪನವರು.

“ಏನು, ಪೇಪರ್ರಾ?”

ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಬಸ್ಸಿನಲ್ಲಿ ಸಿಕ್ಕ ಪೇಪರನ್ನು ಏಳು ದಿನ ಕಾಪಾಡಬೇಕೆಂಬ ನಿಯಮವಿದ್ದದ್ದರಿಂದ ಕೊಡೆಯಪ್ಪನವರು ಒಂದೇ ಪೇಪರನ್ನು ಏಳು ದಿನ ಓದುತ್ತಿದ್ದರು. ಆ ವಾರದ ಪೇಪರಿನಲ್ಲಿ ಒಂದು ಜಾಹೀರಾತಿತ್ತು. ಏಳು ದಿನದಲ್ಲಿ ಅದು ಬಾಯಿಪಾಠವಾಗಿತ್ತು.

“ಹಣಕಾಸು ಗಣಿತ ಮತ್ತು ಆಕ್ಚುರಿಯಲ್ ವಿಜ್ಞಾನ. ದೂರಶಿಕ್ಷಣ. ಮುಗಿದ ಮೇಲೆ ಆಕ್ಚುರಿ ಅಂತಾರೆ.”

ಅಲ್ಲಿದ್ದ ಯಾರಿಗೂ ಆ ಪದದ ಅರ್ಥ ಗೊತ್ತಿರಲಿಲ್ಲ, ಹೇಳಿದವರನ್ನೂ ಸೇರಿಸಿ. ಷಡ್ಡಕ ಕೈ ಕೊಟ್ಟು ಅವರನ್ನು ಸೋಫಾದಿಂದ ಎತ್ತಿದ. ಆ ಎತ್ತುವುದರಲ್ಲಿ ಸ್ವಲ್ಪ ಮರ್ಯಾದೆಯೂ ಇದ್ದಂತೆ ಕೊಡೆಯಪ್ಪನವರಿಗೆ ತೋರಿತು.

ಮನೆಗೆ ಹಿಂದಿರುಗುವಾಗ ಹೆಂಡತಿ ಕೇಳಿದಳು: “ಯಾವಾಗಿಂದ ಓದ್ತಿದೀರಿ?”

“ನಾಳೆಯಿಂದ.”

ಮಾತು ಆಡಿದರೆ ಹೋಯಿತು. ಮರುದಿನವೇ ಅರ್ಜಿ ಹಾಕಿದರು. ಹೆಂಡತಿ ಇನ್ನೊಂದು ಕೆಲಸ ಮಾಡಿದಳು. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಶಾಲೆಯ ಯೂನಿಫಾರ್ಮು, ಕಿಟಕಿ ಪರದೆ, ಬಿಗಿಯಾದದ್ದನ್ನು ಸಡಿಲ ಮಾಡುವುದು, ಸಡಿಲವಾದದ್ದನ್ನು ಬಿಗಿ ಮಾಡುವುದು. ಬೆಳಕು ಚೆನ್ನಾಗಿ ಬೀಳುವ ಒಂದು ಚಿಕ್ಕ ಕೋಣೆ ಅವಳ ಮಷೀನಿಗೆ ಮೀಸಲಾಗಿತ್ತು. ಆ ಮಷೀನನ್ನು ಬಚ್ಚಲಿಗೆ ಹೋಗುವ ಪ್ಯಾಸೇಜಿಗೆ ಎಳೆದು, ಕೋಣೆಯಲ್ಲಿ ಗಂಡನಿಗೆ ಮೇಜು ಹಾಕಿ, “ಬಾಗಿಲು ಹಾಕ್ಕೊಂಡು ಓದಿ,” ಎಂದಳು. ಅಂದಿನಿಂದ ಕೊಡೆಯಪ್ಪನವರು ಮುಖ ತೊಳೆಯಬೇಕಾದರೂ ಅಳತೆ ಕೊಡಲು ಕೈ ಅಗಲಿಸಿ ನಿಂತ ಗಿರಾಕಿಗಳ ಕಂಕುಳ ಕೆಳಗೆ ನುಸುಳಿ ಹೋಗಬೇಕಾಯಿತು.

ಪುಸ್ತಕಗಳ ಪಾರ್ಸೆಲ್ ಬಂತು. ತಂದವನು ಅದನ್ನು ಇಳಿಸಿ ಸೊಂಟ ಹಿಡಿದುಕೊಂಡು, “ಒಳಗೇನು ಸಾರ್, ಕಲ್ಲಾ?” ಎಂದು ಕೇಳಿದ. ಮೊದಲ ಪುಸ್ತಕದ ಮೊದಲ ಸಾಲು ಹೀಗಿತ್ತು: ‘ಓದುಗರಿಗೆ ಕಲನಶಾಸ್ತ್ರದ ಸಾಮಾನ್ಯ ಪರಿಚಯ ಇದೆಯೆಂದು ಭಾವಿಸಲಾಗಿದೆ.’ ಹೀಗೆ ಭಾವಿಸಿದವರು ದೂರದಲ್ಲಿದ್ದರು. ದೂರಶಿಕ್ಷಣದ ಅರ್ಥ ಕೊಡೆಯಪ್ಪನವರಿಗೆ ಆಗ ಸರಿಯಾಗಿ ತಿಳಿಯಿತು: ವಿದ್ಯೆ ಅಲ್ಲಿ, ತಾನು ಇಲ್ಲಿ.

ಆಕ್ಚುರಿ ಎಂದರೆ ಏನೆಂದು ಮಾತ್ರ ಮೂರನೆಯ ದಿನಕ್ಕೆ ಗೊತ್ತಾಯಿತು. ಯಾವ ವಯಸ್ಸಿನವರಲ್ಲಿ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆ, ಎಷ್ಟು ಜನ ಉಳಿಯುತ್ತಾರೆ ಎಂದು ವಿಮಾ ಕಂಪನಿಗಳಿಗೆ ಲೆಕ್ಕ ಹಾಕಿಕೊಡುವವನು. ಅದಕ್ಕೆ ಮರಣ ಕೋಷ್ಟಕ ಎಂಬ ಪಟ್ಟಿ ಇತ್ತು. ಅರ್ಥವಾಗದ್ದನ್ನು ಬಾಯಿಪಾಠ ಮಾಡುವುದೇ ಶಾಲೆಯ ದಿನಗಳಿಂದಲೂ ಅವರ ಪದ್ಧತಿ. ಬೆಳಿಗ್ಗೆ ಎದ್ದು ಮಹಡಿಯ ಮೇಲೆ ಅತ್ತಿಂದಿತ್ತ ನಡೆಯುತ್ತ, ಕೈಯೆತ್ತಿ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು: “ಗಂಡ ಮೊದಲು ಸತ್ತರೆ ಹೆಂಡತಿಗೆ ಏನು? ಹೆಂಡತಿ ಮೊದಲು ಸತ್ತರೆ ಗಂಡನಿಗೆ ಏನು? ಇಬ್ಬರೂ ಒಟ್ಟಿಗೇ ಸತ್ತರೆ?”

ಎದುರು ಮನೆಯ ನಿವೃತ್ತ ನರ್ಸಮ್ಮ ನಾಲ್ಕು ದಿನ ಇದನ್ನು ಕೇಳಿದಳು. ಐದನೆಯ ದಿನ ಗೇಟಿನ ಹತ್ತಿರ ಕೊಡೆಯಪ್ಪನವರ ಅತ್ತೆಯನ್ನು ತಡೆದು ನಿಲ್ಲಿಸಿದಳು.

“ನಿಮ್ಮ ಅಳಿಯ ಹುಷಾರಾಗಿದಾರಾ? ಬರೀ ಸಾಯೋ ಮಾತಾಡ್ತಾರೆ.”

ಅತ್ತೆಯ ಕಿವಿ ಚೆನ್ನಾಗಿಯೇ ಕೇಳುತ್ತಿತ್ತು. ಆದರೆ ಗುರುತಿಲ್ಲದ ಪದ ಬಂದರೆ ಅದನ್ನು ಹೊರಗೆ ನಿಲ್ಲಿಸಿ, ಅದೇ ಮುಖದ ಗುರುತಿನ ಪದವನ್ನು ಒಳಗೆ ಕರೆದುಕೊಳ್ಳುವ ಅಭ್ಯಾಸ ಅವರಿಗಿತ್ತು.

“ಅಯ್ಯೋ, ಅದು ಪಾಠ ಕಣಮ್ಮಾ. ಅಳಿಯಂದಿರು ಆಕ್ಟರ್ ಆಗೋಕೆ ದೂರಶಿಕ್ಷಣದಲ್ಲಿ ಓದ್ತಿದಾರೆ.”

“ಈ ವಯಸ್ಸಲ್ಲಾ?”

“ಮತ್ತೆ? ಅಪ್ಪನ ಪಾತ್ರಕ್ಕೆ ವಯಸ್ಸಾದವರೇ ಬೇಕಲ್ವಾ?”

“ಆಕ್ಟಿಂಗು ದೂರದಿಂದ ಹೇಗೆ ಕಲಿಸ್ತಾರೆ?”

“ಸಿನಿಮಾನ ದೂರದಿಂದಲೇ ತಾನೇ ನೋಡೋದು?” ಎಂದರು ಅತ್ತೆ.

ಹೆಂಡತಿ ಇದನ್ನು ಕೇಳಿ ನಕ್ಕು, “ಅಮ್ಮಂಗೆ ನೀವೇ ಬಿಡಿಸಿ ಹೇಳಿ,” ಎಂದಳು. ಕೊಡೆಯಪ್ಪನವರು ಹೇಳಲು ಹೊರಟರು. ಮರಣ ಕೋಷ್ಟಕ ಎನ್ನುತ್ತಿದ್ದಂತೆ ಅತ್ತೆ, “ಸಾಯೋ ಸೀನು ತಾನೇ? ಗೊತ್ತು, ಗೊತ್ತು,” ಎಂದರು. ಪರೀಕ್ಷೆ ಮುಗಿಯಲಿ, ಆಮೇಲೆ ನಿಧಾನವಾಗಿ ಹೇಳಿದರಾಯಿತು ಎಂದು ಅಳಿಯಂದಿರು ಸುಮ್ಮನಾದರು.

ಪರೀಕ್ಷೆ ಮುಗಿಯಿತು. ಫಲಿತಾಂಶ ಒಂದು ಮಧ್ಯಾಹ್ನ ಡಿಪೋದಲ್ಲಿ ಕೂತಿದ್ದಾಗ ಫೋನಿಗೆ ಬಂತು. ನೂರಕ್ಕೆ ಹತ್ತೊಂಬತ್ತು. ಪಾಸಾಗಲು ಐವತ್ತು ಬೇಕು. ಕೊಡೆಯಪ್ಪನವರು ಕನ್ನಡಕ ಒರೆಸಿ ನೋಡಿದರು; ಕೌಂಟರಿನಲ್ಲಿ ಬಿದ್ದಿದ್ದ ಯಾರದೋ ಕನ್ನಡಕ ಹಾಕಿಕೊಂಡೂ ನೋಡಿದರು. ಹತ್ತೊಂಬತ್ತು ಹತ್ತೊಂಬತ್ತೇ ಆಗಿತ್ತು, ಸ್ವಲ್ಪ ದೊಡ್ಡದಾಗಿ ಕಂಡಿತಷ್ಟೇ. ಹಣೆಯಲ್ಲಿ ಇಲ್ಲದ್ದು ಕನ್ನಡಕದಲ್ಲಿ ಬರುತ್ತದೆಯೇ ಎಂದುಕೊಂಡರು. ಕಣ್ಣಲ್ಲಿ ನೀರು ಬಂತು.

ಸಂಜೆ ಮನೆ ಬಾಗಿಲಲ್ಲೇ ಹೆಂಡತಿ ಸಿಕ್ಕಳು. ಕೈಯಲ್ಲಿ ಕತ್ತರಿ, ಹಿಂದೆ ಇಬ್ಬರು ಗಿರಾಕಿಗಳು.

“ಆಯ್ತಾ?”

“ಆಯ್ತು,” ಎಂದರು ಕೊಡೆಯಪ್ಪನವರು.

ಇದರಲ್ಲಿ ಸುಳ್ಳಿನ ಲವಲೇಶವೂ ಇರಲಿಲ್ಲ. ಏನಾಯಿತು ಎಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ಅವಳ ಮುಖ ಅರಳಿತು. ಗಿರಾಕಿಗಳ ಕಡೆ ತಿರುಗಿ, “ನಮ್ಮ ಮನೆಯವರು ಪಾಸು,” ಎಂದಳು. ಆ ಸಂಜೆ ಕೊಡೆಯಪ್ಪನವರು ತಮ್ಮ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತರು. ಬಾಗಿಲ ಆಚೆ ಮಷೀನು ಟಕಟಕ ಎನ್ನುತ್ತಿತ್ತು. ಒಂದೊಂದು ಟಕ್ಕೂ ತಲೆಯ ಮೇಲೇ ಬಿದ್ದಂತಿತ್ತು.

ಗಿರಾಕಿಗಳಲ್ಲಿ ಒಬ್ಬಾಕೆ ಡಿಪೋ ಮ್ಯಾನೇಜರರ ಹೆಂಡತಿ. ಪರದೆ ಹೊಲಿಸಲು ಬಂದವಳು ಗೇಟಿನಲ್ಲಿ ನರ್ಸಮ್ಮನಿಂದ ಉಳಿದ ವಿವರವನ್ನೂ ಪಡೆದುಕೊಂಡು ಹೋಗಿದ್ದಳು. ಮರುದಿನ ಮ್ಯಾನೇಜರ್ ಕೊಡೆಯಪ್ಪನವರನ್ನು ಕರೆಸಿದರು. ಪಕ್ಕದಲ್ಲಿ ಕವಿ-ಕಂಡಕ್ಟರ್ ಕೈಯಲ್ಲಿ ದಪ್ಪ ನೋಟುಬುಕ್ಕು ಹಿಡಿದು ನಿಂತಿದ್ದರು.

“ಏನ್ರೀ, ಹೇಳೇ ಇಲ್ಲ! ಆಕ್ಟರ್ ಪರೀಕ್ಷೆ ಪಾಸ್ ಮಾಡಿದೀರಂತೆ?”

“ಸಾರ್, ಅದು ಆಕ್ಟರ್...”

“ನಿನ್ನೆ ನಾನೇ ಕಣ್ಣಾರೆ ನೋಡಿದೆ ಸಾರ್,” ಎಂದರು ಕಂಡಕ್ಟರ್. “ಕೌಂಟರಲ್ಲಿ ಒಬ್ಬರೇ ಕೂತು ಅಳ್ತಿದ್ರು. ಗ್ಲಿಸರಿನ್ ಇಲ್ಲ, ಏನಿಲ್ಲ. ಧಾರಾಕಾರ!”

ಈಗ ಕೊಡೆಯಪ್ಪನವರ ಮುಂದೆ ಎರಡು ದಾರಿಗಳಿದ್ದವು. ಅದು ಆಕ್ಟಿಂಗ್ ಅಲ್ಲ, ಗಣಿತ ಎಂದು ಹೇಳುವುದು ಒಂದು. ಆದರೆ ಮ್ಯಾನೇಜರ್ ಗಣಿತದ ಪದವೀಧರರು. ಗಣಿತ ಎಂದು ಕಿವಿಗೆ ಬಿದ್ದರೆ ಸಾಕು, “ಎಷ್ಟು ಮಾರ್ಕ್ಸು? ತನ್ನಿ ನೋಡೋಣ,” ಎನ್ನುವ ರೋಗ ಅವರಿಗಿತ್ತು, ಡ್ರೈವರುಗಳ ಮಕ್ಕಳು ಅವರನ್ನು ಕಂಡರೆ ಬಸ್ಸಿನ ಹಿಂದೆ ಅವಿತುಕೊಳ್ಳುತ್ತಿದ್ದರು. ಇನ್ನೊಂದು ದಾರಿ, ಸುಮ್ಮನಿರುವುದು. ತಾನೇ ಹೊಲಿದ ಸುಳ್ಳು ಕಂಕುಳಲ್ಲಿ ಕಚ್ಚುತ್ತಿತ್ತು; ಬೇರೆಯವರು ಹೊಲಿದದ್ದು ಹೇಗೋ ಸರಿಯಾಗಿ ಕೂತಿತ್ತು. ಕೊಡೆಯಪ್ಪನವರು ಸುಮ್ಮನಿದ್ದರು.

“ಡಿಪೋ ಶುರುವಾಗಿ ಇಪ್ಪತ್ತೈದು ವರ್ಷ. ನಾಟಕ ಇಟ್ಕೊಂಡಿದೀವಿ,” ಎಂದರು ಮ್ಯಾನೇಜರ್. “ಯಜಮಾನನ ಪಾತ್ರ ನಿಮ್ದು.”

“ಎರಡನೇ ಅಂಕದಲ್ಲಿ ಸಾಯ್ತೀರಿ,” ಎಂದು ಕಂಡಕ್ಟರ್ ನೋಟುಬುಕ್ಕು ಬಿಡಿಸಿದರು. “ಮೊದಲು ಒಂದು ನಿಮಿಷದ ಸಾವು ಬರೆದಿದ್ದೆ. ನಿಮ್ಮಂಥ ಕಲಿತವರು ಸಿಕ್ಕಿದ ಮೇಲೆ ಏಳು ನಿಮಿಷ ಮಾಡಿದೀನಿ.”

ತಾಲೀಮು ಬಸ್ ತೊಳೆಯುವ ಶೆಡ್ಡಿನಲ್ಲಿ ನಡೆಯಿತು. ಕೊಡೆಯಪ್ಪನವರು ಕನ್ನಡಕ ಹುಡುಕುವವರ ಹಾಗೆ ಎರಡೂ ಕೈಯಲ್ಲಿ ಹಾಸಿಗೆ ತಡವಿ, ಆಮೇಲೆ ಸಿಕ್ಕದಿದ್ದರೆ ಹೋಗಲಿ ಎಂಬಂತೆ ಮಲಗಿಬಿಟ್ಟರು. ಇದೇ ಸಾವು. ಕ್ಲೀನರುಗಳು ಮುಖ ಮುಖ ನೋಡಿಕೊಂಡರು. ಕಂಡಕ್ಟರ್ ಮಾತ್ರ ಗದ್ಗದರಾದರು.

“ನೋಡಿ! ಕೂಗಾಟ ಇಲ್ಲ, ಕೈಕಾಲು ಬಡಿಯೋದಿಲ್ಲ. ಸಾಯ್ತಿದಾರೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಇದಕ್ಕೇ ಸಹಜಾಭಿನಯ ಅನ್ನೋದು!”

ಯಜಮಾನ ಸತ್ತ ಮೇಲೆ ಅವನ ಮೂವರು ಮಕ್ಕಳು ಹೆಣದ ಸುತ್ತ ನಿಂತು ನಲವತ್ತು ನಿಮಿಷ ಆಸ್ತಿಗಾಗಿ ಜಗಳವಾಡಬೇಕಿತ್ತು. ಅಷ್ಟು ಹೊತ್ತು ಹೆಣಕ್ಕೆ ಬೇರೆ ಕೆಲಸವಿರಲಿಲ್ಲ. ಬಾಗಿಲು ಹಾಕಿಕೊಂಡ ಕೋಣೆಯಲ್ಲಿ ಪುಸ್ತಕ ತೆಗೆದರೆ ಐದು ನಿಮಿಷಕ್ಕೆ ನಿದ್ದೆ ಬರುತ್ತಿತ್ತು. ಇಲ್ಲಿ ನಿದ್ದೆ ಬಂದರೆ ಗೊರಕೆ ಬರಬಹುದೆಂಬ ಭಯ. ಆದ್ದರಿಂದ ಕೊಡೆಯಪ್ಪನವರು ಕಣ್ಣು ಮುಚ್ಚಿಕೊಂಡು ಬಾಯಿಪಾಠದ ಪಟ್ಟಿಯನ್ನು ಮನಸ್ಸಿನಲ್ಲೇ ಬಿಡಿಸಿ ನೋಡತೊಡಗಿದರು. ಲಕ್ಷ ಜನ ಹುಟ್ಟಿದರು ಎನ್ನೋಣ. ಅರವತ್ತಕ್ಕೆ ಇಷ್ಟು ಜನ ಉಳಿದರು, ಅರವತ್ತೊಂದಕ್ಕೆ ಇಷ್ಟು. ಹೋದವರನ್ನು ಇದ್ದವರಿಂದ ಭಾಗಿಸಿದರೆ... ಅರೆ! ಇಷ್ಟೇನೇ? ಬದುಕಿದ್ದಾಗ ಹತ್ತದ ವಿದ್ಯೆ ಸತ್ತ ಮೇಲೆ ಹತ್ತಿತು. ಎರಡು ವಾರದ ತಾಲೀಮಿನಲ್ಲಿ ಅವರು ಹನ್ನೊಂದು ಸಲ ಸತ್ತು, ನಾಲ್ಕು ಅಧ್ಯಾಯ ಮುಗಿಸಿದರು.

ನಾಟಕ ಭಾನುವಾರ ಮಧ್ಯಾಹ್ನ. ಬಸ್ಸುಗಳನ್ನು ಹೊರಗೆ ನಿಲ್ಲಿಸಿ ಶೆಡ್ಡಿನ ತುಂಬ ಬೆಂಚು ಹಾಕಿದ್ದರು. ಮುಂದಿನ ಸಾಲಿನಲ್ಲಿ ಮ್ಯಾನೇಜರ್ ದಂಪತಿ, ನರ್ಸಮ್ಮ, ಅತ್ತೆ, ಹೆಂಡತಿ, ಅವಳ ತಂಗಿ. ಷಡ್ಡಕ ಗಟ್ಟಿ ಬೆಂಚಿನ ಮೇಲೆ ಅಭ್ಯಾಸವಿಲ್ಲದೆ ಮಿಸುಕಾಡುತ್ತ ಕೂತಿದ್ದ.

ಎರಡನೇ ಅಂಕ ಬಂತು. ಅಷ್ಟು ಜನರನ್ನು ಕಂಡ ಕೊಡೆಯಪ್ಪನವರು ಏಳು ನಿಮಿಷದ ಸಾವನ್ನು ಮರೆತು, ಒಂದೇ ನಿಮಿಷದಲ್ಲಿ ಸತ್ತರು. ಮಕ್ಕಳ ಪಾತ್ರದವರಲ್ಲಿ ಒಬ್ಬ ಇನ್ನೂ ಮೀಸೆ ಅಂಟಿಸಿಕೊಳ್ಳುತ್ತಿದ್ದ, ಇನ್ನಿಬ್ಬರು ಚಹಾ ಕುಡಿಯುತ್ತಿದ್ದರು. ವೇದಿಕೆಯ ಮೇಲೆ ಹೆಣವೊಂದು, ಡಾಕ್ಟರ್ ಪಾತ್ರದ ಮೆಕ್ಯಾನಿಕ್ ಒಬ್ಬ. ಅವನಿಗಿದ್ದದ್ದು ಒಂದೇ ಮಾತು.

“ಪ್ರಾಣ ಹೋಗಿದೆ. ನನ್ನ ಕೈಯಲ್ಲಿ ಏನೂ ಇಲ್ಲ.”

ಯಾರೂ ಒಳಗೆ ಬರಲಿಲ್ಲ. ಪರದೆಯ ಮರೆಯಿಂದ ಕಂಡಕ್ಟರ್, “ಏನಾದ್ರೂ ಮಾತಾಡೋ!” ಎಂದು ಪಿಸುಗುಟ್ಟಿದರು. ಇಂಜಿನ್ನು ಬಿಚ್ಚುವುದೊಂದು ಬಿಟ್ಟು ಬೇರೇನೂ ಅರಿಯದ ಮೆಕ್ಯಾನಿಕ್ ಗಂಟಲು ಸರಿಮಾಡಿಕೊಂಡ.

“ಅರವತ್ತಾಗಿತ್ತು ಯಜಮಾನರಿಗೆ. ಗಾಡಿ ಎಷ್ಟು ದಿನ ಓಡುತ್ತೆ? ಅರವತ್ತಾದ ಮೇಲೆ ನೂರಕ್ಕೆ ತೊಂಬತ್ತು ಜನ ಅರವತ್ತೊಂದು ನೋಡೋದೇ ಇಲ್ಲ.”

ಹೆಣದ ರೆಪ್ಪೆ ಅದುರಿತು.

“ನನಗೆ ಎಪ್ಪತ್ತೆರಡು ಕಣಪ್ಪಾ!” ಎಂದು ಅತ್ತೆ ಕೂತಲ್ಲಿಂದಲೇ ಕೂಗಿದರು.

“ನೀವು ಉಳಿದ ಹತ್ತರಲ್ಲಿ ಬರ್ತೀರಿ ಅಜ್ಜಿ,” ಎಂದ ಡಾಕ್ಟರ್, ತಪ್ಪಿಸಿಕೊಂಡ ಸಂತೋಷದಲ್ಲಿ.

ಇಪ್ಪತ್ತೆರಡು ವರ್ಷ ಕೊಡೆಗಳನ್ನು ಎಣಿಸಿದ ಕೊಡೆಯಪ್ಪನವರು ಜೀವನದಲ್ಲಿ ಯಾರನ್ನೂ ತಿದ್ದಿದವರಲ್ಲ. ತಿದ್ದಲು ತಮಗೆ ಏನಾದರೂ ಗೊತ್ತಿರಬೇಕಲ್ಲ. ಆದರೆ ಇದೊಂದು ಗೊತ್ತಿತ್ತು. ಇದೊಂದೇ ಗೊತ್ತಿತ್ತು. ಹೆಣ ಎದ್ದು ಕೂತಿತು.

“ತಪ್ಪು! ಸಾವಿರಕ್ಕೆ ಹದಿನಾಲ್ಕು ಜನ. ಉಳಿದೋರೆಲ್ಲ ಇರ್ತಾರೆ.”

“ಸತ್ತ ಮೇಲೆ ಮಾತಾಡ್ಬಾರ್ದು ಅಳಿಯಂದಿರೇ!” ಎಂದು ಅತ್ತೆ ಕೂಗಿದರು. ಶೆಡ್ಡಿನ ತಗಡು ಹಾರಿಹೋಗುವಂತೆ ಜನ ನಕ್ಕರು.

“ಮಲಗ್ರೀ!” ಎಂದ ಮೆಕ್ಯಾನಿಕ್. “ನಿಮಗೇನ್ರೀ ಗೊತ್ತು? ಡಾಕ್ಟರ್ ನೀವಾ, ನಾನಾ?”

“ನಾನು ಆಕ್ಚುರಿ ಓದ್ತಿದೀನಿ.”

“ಆಕ್ಟರ್ ಅಂತ ಗೊತ್ತು. ಅದಕ್ಕೇ ಪಾತ್ರ ಕೊಟ್ಟಿದ್ದು. ಮಲಗಿ!”

“ಆಕ್ಟರ್ ಅಲ್ಲ ಕಣಯ್ಯಾ! ಲೆಕ್ಕ! ಯಾರು ಎಷ್ಟು ದಿನ ಬದುಕ್ತಾರೆ ಅನ್ನೋ ಲೆಕ್ಕ! ನನಗೆ ಆಕ್ಟಿಂಗ್ ಬರಲ್ಲ, ನೋಡಿದ್ರೆ ಗೊತ್ತಾಗಲ್ವಾ?”

ಮೆಕ್ಯಾನಿಕ್ ನಿಜಕ್ಕೂ ಆಶ್ಚರ್ಯಪಟ್ಟ. ನಾಟಕವನ್ನು ಪೂರ್ತಿ ಮರೆತು ಕೇಳಿದ: “ಹಾಗಾದ್ರೆ ಪಾಸಾಗಿದ್ದು ಲೆಕ್ಕದಲ್ಲಾ?”

ಕೊಡೆಯಪ್ಪನವರು ಮುಂದಿನ ಸಾಲು ನೋಡಿದರು. ಮ್ಯಾನೇಜರ್ ಕನ್ನಡಕ ಏರಿಸಿಕೊಂಡಿದ್ದರು. ಹೆಂಡತಿ ಮುಂದಕ್ಕೆ ಬಾಗಿದ್ದಳು. ಅವಳ ಮುಖದಲ್ಲಿ ಇನ್ನೂ ಹೆಮ್ಮೆಯೇ ಇತ್ತು.

“ಪಾಸಾಗಿಲ್ಲ,” ಎಂದರು. “ಹತ್ತೊಂಬತ್ತು ಬಂತು. ಮನೆಯವಳ ಹತ್ರ ಹೇಳೋಕೆ ಧೈರ್ಯ ಸಾಲದೆ ಆಯ್ತು ಅಂದೆ. ಅವಳು ತನ್ನ ಕೋಣೆ ಬಿಟ್ಕೊಟ್ಟು ಬಚ್ಚಲ ಬಾಗಿಲಲ್ಲಿ ಕೂತು ಹೊಲೀತಿದಾಳೆ. ನಾನು ಒಳಗೆ ಬಾಗಿಲು ಹಾಕ್ಕೊಂಡು ನಿದ್ದೆ ಮಾಡ್ತಿದ್ದೆ.”

ಶೆಡ್ಡಿನ ತುಂಬ ಚಪ್ಪಾಳೆಯ ಸುರಿಮಳೆ. ಹಿಂದಿನ ಸಾಲಿನವರು ಸೀಟಿ ಹೊಡೆದರು. ಹೆಂಡತಿ ಮಾತ್ರ ಕೈ ಮಡಿಲಲ್ಲಿಟ್ಟುಕೊಂಡೇ ಕೂತಿದ್ದಳು. ಕೊಡೆಯಪ್ಪನವರು ಮತ್ತೆ ಮಲಗಿ ಕಣ್ಣು ಮುಚ್ಚಿಕೊಂಡರು. ಅಷ್ಟರಲ್ಲಿ ಮಕ್ಕಳು ಬಂದು ಜಗಳ ಶುರುಮಾಡಿದರು. ಹೆಣದ ಕಣ್ಣಿಂದ ನೀರು ಇಳಿಯುತ್ತಿದ್ದುದನ್ನು ಕಂಡು ಕಂಡಕ್ಟರ್ ಪರದೆಯ ಮರೆಯಲ್ಲಿ ತಾವೂ ಅತ್ತರು.

ನಾಟಕ ಮುಗಿದ ಮೇಲೆ ಷಡ್ಡಕ ಬಂದು ಕೈಕುಲುಕಿದ. “ಎದ್ದು ಕೂತ್ಕೊಂಡು ಮಾತಾಡಿದ್ರಲ್ಲ ಅಣ್ಣಾ, ಅದು ಬಹಳ ಚೆನ್ನಾಗಿತ್ತು. ಯಾರು ಬರೆದದ್ದು?” ಮ್ಯಾನೇಜರ್ ಅವರನ್ನು ನೀರಿನ ಟ್ಯಾಂಕಿನ ಹಿಂದಕ್ಕೆ ಕರೆದೊಯ್ದು, ಅತ್ತಿತ್ತ ನೋಡಿ, “ಹತ್ತೊಂಬತ್ತಾ? ನನಗೆ ಮೊದಲ ಸಲ ಹದಿನಾರು. ಯಾರ ಹತ್ರಾನೂ ಹೇಳ್ಬೇಡಿ,” ಎಂದರು.

ಹೆಂಡತಿ ಮನೆ ಸೇರಿ, ದೀಪ ಹಾಕಿ, ಪ್ಯಾಸೇಜಿನ ಮಷೀನಿನ ಮುಂದೆ ಕೂತ ಮೇಲೆ ಹೇಳಿದಳು:

“ಫೇಲಾಗಿದ್ದಕ್ಕೆ ನನಗೇನೂ ಬೇಜಾರಿಲ್ಲರೀ. ನಾನು ಕೆಡಿಸಿದ ಬಟ್ಟೆ ಕಡಿಮೆ ಇದೆಯಾ? ಆದರೆ ಊರಿಗೆಲ್ಲ ಗೊತ್ತಾಗೋ ಹೊತ್ತಿಗೇ ನನಗೂ ಗೊತ್ತಾಗಬೇಕಿತ್ತಾ?”

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಕೊಡೆಯಪ್ಪನವರು ಮಷೀನನ್ನು ಏದುಸಿರು ಬಿಡುತ್ತ ಕೋಣೆಗೆ ಸೇರಿಸಿ, ಬೆಳಕಿನ ಕಡೆ ತಿರುಗಿಸಿಟ್ಟರು. ಪುಸ್ತಕಗಳನ್ನು ಚೀಲಕ್ಕೆ ತುಂಬಿಕೊಂಡು ಹೊರಟರು. ಯಾವುದಾದರೂ ಬಸ್ಸಿನಲ್ಲಿ ಮರೆತುಬಿಡುವುದೆಂದು ಯೋಚನೆ. ಗೇಟಿನವರೆಗೆ ಹೋದಾಗ, ಅವು ಮರಳಿ ತನ್ನ ಕಿಟಕಿಗೇ ಬರುತ್ತವೆ, ಬಿಡಿಸಿಕೊಳ್ಳಲು ತಾನೇ ಮೂರು ಫಾರಂ ತುಂಬಬೇಕಾಗುತ್ತದೆ ಎಂದು ಹೊಳೆಯಿತು. ಹಿಂದಿರುಗಿ ನೋಡಿದರೆ ಹೆಂಡತಿ ಅವರ ಮೇಜನ್ನು ಪ್ಯಾಸೇಜಿನಲ್ಲಿ ಹಾಕುತ್ತಿದ್ದಳು.

“ಇಲ್ಲಿ ಕೂತು ಓದಿ. ಇಲ್ಲಿ ಬಾಗಿಲಿಲ್ಲ.”

ಅಂದಿನಿಂದ ಕೊಡೆಯಪ್ಪನವರ ವ್ಯಾಸಂಗ ನಾಲ್ಕು ಜನರ ನಡುವೆ ನಡೆಯಿತು. ಅಳತೆಗೆ ಬಂದವರು ಸರದಿ ಕಾಯುತ್ತ ಅವರ ಪುಸ್ತಕಕ್ಕೆ ಇಣುಕಿ, “ಇವತ್ತು ಎಷ್ಟು ಜನ ಸತ್ರು ಸಾರ್?” ಎಂದು ವಿಚಾರಿಸುತ್ತಿದ್ದರು. ನಿದ್ದೆ ಬಂದರೆ ಬಚ್ಚಲಿಗೆ ಹೋಗುವವರು ಭುಜ ತಟ್ಟಿ ಎಬ್ಬಿಸುತ್ತಿದ್ದರು. ಹೀಗೆ ಆರು ತಿಂಗಳು ಕಳೆದು, ಎರಡನೆಯ ಸಲ ಪರೀಕ್ಷೆ ಬರೆದು, ಫಲಿತಾಂಶವೂ ಬಂತು. ಈ ಸಲ ಅವರು ಫೋನನ್ನು ತಾವು ನೋಡುವ ಮೊದಲು ಹೆಂಡತಿಯ ಕೈಗೆ ಕೊಟ್ಟರು. ಅವಳು ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದು ಎಲ್ಲರಿಗೂ ಕೇಳುವಂತೆ ಓದಿದಳು.

“ನಲವತ್ತೇಳು.”

“ಮೂರು ಕಡಿಮೆ,” ಎಂದರು ಕೊಡೆಯಪ್ಪನವರು. “ಮತ್ತೆ ಫೇಲು.” ಹೇಳಿ ಮುಗಿದ ಮೇಲೆ, ಅದನ್ನು ಹೇಳುವುದು ಇಷ್ಟು ಸುಲಭವಿತ್ತೇ ಎಂದು ಅವರಿಗೇ ಆಶ್ಚರ್ಯವಾಯಿತು.

ಹೆಂಡತಿ ಟೇಪು ಕೊರಳಿಗೆ ಹಾಕಿಕೊಂಡು ಬೆರಳು ಮಡಿಸಿದಳು. “ಮೊದಲು ಹತ್ತೊಂಬತ್ತು. ಈಗ ನಲವತ್ತೇಳು. ಇಪ್ಪತ್ತೆಂಟು ಏರಿದೆ. ಹೀಗೇ ಏರಿದ್ರೆ ಮುಂದಿನ ಸಲ ಎಪ್ಪತ್ತೈದು.”

“ಅದರ ಮುಂದಿನ ಸಲ?” ಎಂದು ಮೂಲೆಯಿಂದ ಅತ್ತೆ ಕೇಳಿದರು.

ಕೊಡೆಯಪ್ಪನವರು ಲೆಕ್ಕ ಹಾಕಿದರು. “ನೂರಾ ಮೂರು.”

ಅತ್ತೆ ಒಂದು ಗಳಿಗೆ ಯೋಚಿಸಿ, ಅಳಿಯನ ಅರಿಯದತನಕ್ಕೆ ಮರುಗಿ ತಲೆಯಾಡಿಸಿದರು.

“ಹಾಗಿದ್ರೆ ಮುಂದಿನ ಸಲದ್ದು ಯಾಕೆ ಬರೀತೀರಿ ಅಳಿಯಂದಿರೇ? ಅದನ್ನ ಬಿಟ್ಬಿಟ್ಟು, ಅದರ ಮುಂದಿನದ್ದೇ ಬರೆದುಬಿಡಿ.”